ಎಪ್ಪತ್ತೈದರ ಗಾಡಿ, ನೂರರ ಗಾಡಿ

ತಿಂಗಳಿಗೆ 31 ದಿನ ಇಟ್ಟವರು ಯಾರೋ ಗೊತ್ತಿಲ್ಲ, ಅವರ ಮನೆಯಲ್ಲಿ ಯಾರಿಗೂ ಥೈರಾಯ್ಡ್ ಇರಲಿಲ್ಲ ಅನ್ನೋದು ಮಾತ್ರ ಖಂಡಿತ.

ವಿಷಯ ಇಷ್ಟೇ. ಡಾಕ್ಟರ್ ನನಗೆ ಒಂದು ದಿನ 75, ಮಾರನೆ ದಿನ 100 ಮೈಕ್ರೋಗ್ರಾಂ ಮಾತ್ರೆ ಬರೆದಿದ್ದಾರೆ. ಇವತ್ತು ಯಾವುದು ಅಂತ ಬೆಳಗ್ಗೆ ಕಣ್ಣು ಬಿಡುವ ಹೊತ್ತಿಗೆ ಯಾರಿಗೆ ನೆನಪಿರುತ್ತೆ ಹೇಳಿ? ಅದಕ್ಕೆ ನಮ್ಮ ಮಾವ ಒಂದು ನಿಯಮ ಮಾಡಿದರು. ಬೆಸ ತಾರೀಖು 75, ಸರಿ ತಾರೀಖು 100. ಕೇಳೋಕೆ ಎಷ್ಟು ಸಲೀಸು ಅಲ್ವಾ? ಆದರೆ ನಿನ್ನೆ 31, ಇವತ್ತು 1. ಎರಡೂ ಬೆಸ. ಬೆಳಗ್ಗೆ ಐದೂವರೆಗೆ ನಾನು ನೀರಿನ ಲೋಟ ಹಿಡಿದು ನಿಂತಿದ್ದೇನೆ, ಮಾವ ಕನ್ನಡಕ ಏರಿಸಿಕೊಂಡು ಕ್ಯಾಲೆಂಡರ್ ಮುಂದೆ ನಿಂತಿದ್ದಾರೆ, ಯಜಮಾನರು ಹಾಸಿಗೆಯಿಂದಲೇ "ಯಾವ್ದೋ ಒಂದು ನುಂಗಮ್ಮ ತಾಯಿ, ಮಲಗೋಕೆ ಬಿಡಿ" ಅಂತಿದ್ದಾರೆ.

"ಹಂಗೆಲ್ಲ ಆಗಲ್ಲ" ಅಂದರು ಮಾವ. "ಶೆಡ್ಯೂಲ್ ಕೆಟ್ಟೋಗುತ್ತೆ."

ಮಾವ ಕೆಎಸ್ಸಾರ್ಟಿಸಿಯಲ್ಲಿ ಕಂಡಕ್ಟರ್ ಆಗಿ ಸೇರಿ, ಕಂಟ್ರೋಲರ್ ಆಗಿ ರಿಟೈರ್ ಆದವರು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ಪಾವಗಡ, ಮಧುಗಿರಿ, ಶಿರಾ, ಕುಣಿಗಲ್ ಗಾಡಿಗಳನ್ನೆಲ್ಲ ಬಿಡಿಸಿ ಬಿಡಿಸಿ ಅವರ ಗಂಟಲಿಗೆ ಒಂದು ಅಭ್ಯಾಸ ಆಗಿಬಿಟ್ಟಿದೆ. ಮೈಕ್ ಹೋಯಿತು, ಗಂಟಲು ಉಳಿಯಿತು. ರಿಟೈರ್ ಆದ ಮೇಲೆ ಮನೆಯಲ್ಲಿ ಬಿಡಿಸೋಕೆ ಯಾವ ಗಾಡಿಯೂ ಇರಲಿಲ್ಲ. ಆಗ ನನ್ನ ಥೈರಾಯ್ಡ್ ಬಂತು.

ಅದು ಬಂದ ಕಥೆ ದೊಡ್ಡದೇನಲ್ಲ. ಸುಸ್ತು, ಚಳಿ, ಉದುರುವ ಕೂದಲು, ಒಣಗಿದ ಚರ್ಮ, ಏರುವ ತೂಕ. ಇವುಗಳಲ್ಲಿ ಯಾವುದನ್ನು ಯಾರಿಗೆ ಹೇಳಿದರೂ "ನಂಗೂ ಹಂಗೇ ಆಗುತ್ತೆ" ಅನ್ನುತ್ತಿದ್ದರು. ಸುಸ್ತಿಗೆ ಶಾಲೆ ಕಾರಣ, ಕೂದಲಿಗೆ ಬೋರ್‌ವೆಲ್ ನೀರು ಕಾರಣ, ತೂಕಕ್ಕೆ ನಾನೇ ಕಾರಣ. ಕೊನೆಗೆ ಏಪ್ರಿಲ್ ಬಿಸಿಲಲ್ಲಿ, ಇಡೀ ಸ್ಟಾಫ್ ರೂಮ್ ಫ್ಯಾನ್ ಕೆಳಗೆ ಕೂರೋಕೆ ಜಗಳ ಆಡುವಾಗ, ನಾನೊಬ್ಬಳೇ ಸೆರಗು ಹೊದ್ದು ಮೂಲೆಯಲ್ಲಿ ಕೂತಿದ್ದು ನೋಡಿ ನಮ್ಮ ಹೆಡ್ ಮೇಡಂ ರಕ್ತ ಪರೀಕ್ಷೆಗೆ ಅಟ್ಟಿದರು. ಟಿಎಸ್‌ಎಚ್ ಅನ್ನೋ ಹಾರ್ಮೋನ್ ಜಾಸ್ತಿ ಇದೆ ಅಂತ ರಿಪೋರ್ಟ್ ಬಂತು.

"ಜಾಸ್ತಿ ಇದ್ದರೆ ಮಾತ್ರೆ ಕಮ್ಮಿ ಮಾಡೋಕೆ ಕೊಡ್ತಾರೆ" ಅಂದರು ಯಜಮಾನರು. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಟಿಎಸ್‌ಎಚ್ ಬರುವುದು ಥೈರಾಯ್ಡ್‌ನಿಂದ ಅಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಕೆಲಸ ಮಾಡು ಅಂತ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಹೇಳುವುದು ಅದರ ಕೆಲಸ. ಥೈರಾಯ್ಡ್ ಮಾಡದೆ ಬಿಟ್ಟ ಹಾರ್ಮೋನನ್ನು ಮಾತ್ರೆ ತುಂಬಿಕೊಡುತ್ತದೆ, ಆಗ ಟಿಎಸ್‌ಎಚ್ ತಾನೇ ಇಳಿಯುತ್ತದೆ. ಇದನ್ನು ಡಾಕ್ಟರ್ ನನಗೆ ಚಿತ್ರ ಬರೆದು ವಿವರಿಸಿದರು, ನಾನು ತಲೆ ಆಡಿಸಿದೆ, ಮನೆಗೆ ಬರುವಷ್ಟರಲ್ಲಿ ಮರೆತೆ. ಮಾವ ಒಂದೇ ಮಾತಲ್ಲಿ ಮುಗಿಸಿದರು. "ಗಾಡಿ ಹೊರಡದಿದ್ರೆ ಕಂಟ್ರೋಲರ್ ಮೈಕಲ್ಲಿ ಜಾಸ್ತಿ ಕೂಗ್ತಾನೆ. ಟಿಎಸ್‌ಎಚ್ ಅಂದ್ರೆ ಕೂಗು. ಕೂಗು ಜಾಸ್ತಿ ಅಂದ್ರೆ ಗಾಡಿ ನಿಂತಿದೆ ಅಂತ." ಇಷ್ಟು ವರ್ಷ ಎಂಟನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಅಲ್ಲಿಂದ ಶುರುವಾಯಿತು ನೋಡಿ ಡೋಸ್ ಹುಡುಕಾಟ. ನಾನು ಅಂದುಕೊಂಡಿದ್ದು ರಕ್ತ ಕೊಟ್ಟರೆ ಇಷ್ಟು ಮಾತ್ರೆ ಅಂತ ಬರೆದುಕೊಡುತ್ತಾರೆ, ಮುಗಿಯಿತು ಅಂತ. ಎಲ್ಲಿ ಮುಗಿಯುತ್ತೆ? ಥೈರಾಯ್ಡ್ ಪೂರ್ತಿ ಕೈಕೊಟ್ಟವರಿಗೆ ತೂಕದ ಮೇಲೆ ಒಂದು ಲೆಕ್ಕ ಇದೆ, ಕೆಜಿಗೆ ಸುಮಾರು 1.6 ಮೈಕ್ರೋಗ್ರಾಂ. (ನನ್ನದು ಪೂರ್ತಿ ಕೈಕೊಟ್ಟಿಲ್ಲ, ಆದ್ದರಿಂದ ಮೇಲಿನ 75, 100ನ್ನು 1.6ರಿಂದ ಭಾಗಿಸಿ ನನ್ನ ತೂಕ ಕಂಡುಹಿಡಿಯುವ ಪ್ರಯತ್ನ ದಯವಿಟ್ಟು ಬೇಡ.) ನನ್ನಂಥವರಿಗೆ 25ರಿಂದ ಶುರು ಮಾಡಿ, ಕಾದು, ರಕ್ತ ನೋಡಿ, ಏರಿಸಿ, ಮತ್ತೆ ಕಾಯುವುದು. ಈ ಮಾತ್ರೆ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು ಒಂದು ವಾರ ಬೇಕಂತೆ. ಹಾಗಾಗಿ ಡೋಸ್ ಬದಲಾಯಿಸಿದರೆ ಆರರಿಂದ ಎಂಟು ವಾರ ಆಗುವವರೆಗೆ ಪರೀಕ್ಷೆ ಮಾಡಿಸಿ ಪ್ರಯೋಜನ ಇಲ್ಲ. ಅವರೆಕಾಯಿ ಕಾಲದಲ್ಲಿ ಹಿಡಿದ ಡೋಸ್ ಸರಿಯೋ ತಪ್ಪೋ ಅಂತ ಮಾವಿನಕಾಯಿ ಬರುವ ಹೊತ್ತಿಗೆ ಗೊತ್ತಾಗುತ್ತದೆ. ತಪ್ಪು ಅಂತಾದರೆ ಮುಂದಿನದು ಮಾವಿನಹಣ್ಣು ಮುಗಿಯುವ ಹೊತ್ತಿಗೆ.

75ರಲ್ಲಿ ಟಿಎಸ್‌ಎಚ್ 7 ದಾಟಿತ್ತು. ನಮ್ಮ ಲ್ಯಾಬಿನ ಚೀಟಿಯಲ್ಲಿ 4ರ ಆಸುಪಾಸಿನವರೆಗೆ ಸರಿ ಅಂತ ಇದೆ. ಸರಿ, 100ಕ್ಕೆ ಏರಿಸಿದರು. ಅಬ್ಬಾ, ಅದೊಂದು ಅನುಭವ! ರಾತ್ರಿ ಎರಡು ಗಂಟೆಗೆ ಎಚ್ಚರ, ಎದೆ ಡಬಡಬ, ಬೋರ್ಡ್ ಮೇಲೆ ಬರೆಯೋಕೆ ಹೋದರೆ ಕೈ ನಡುಕ, ಸುಮ್ನೆ ಕೂತರೂ ಬೆವರು. ಆ ದಿನಗಳಲ್ಲಿ ನಮ್ಮ ಮನೆಯ ಅಟ್ಟ ಎಷ್ಟು ಕ್ಲೀನಾಗಿತ್ತು ಅಂದರೆ, ನಡುರಾತ್ರಿ ಹಿತ್ತಾಳೆ ಪಾತ್ರೆ ತಿಕ್ಕುವ ಸದ್ದಿಗೆ ಪಕ್ಕದ ಮನೆಯವರು ಕಳ್ಳರೇ ಇರಬೇಕು ಅಂತ ಲೈಟ್ ಹಾಕಿದ್ದರು. ಟಿಎಸ್‌ಎಚ್ ನೋಡಿದರೆ ಪಾತಾಳಕ್ಕೆ ಹೋಗಿತ್ತು. 75 ಸಾಲದು, 100 ಜಾಸ್ತಿ. ನಡುವೆ 88 ಅಂತ ಒಂದು ಮಾತ್ರೆ ಇದೆ. ಇದೆ ಅಂದರೆ, ಕಂಪನಿ ಮಾಡುತ್ತದೆ. ನಮ್ಮ ಬೀದಿಯ ಮೆಡಿಕಲ್ಸ್‌ನಲ್ಲಿ ಅದು ಯಾವಾಗಲೂ "ನಾಳೆ ಬರುತ್ತೆ ಮೇಡಂ". ಬೇರೆ ಕಂಪನಿಯದು ಕೊಡಲಾ, ಎಲ್ಲಾ ಒಂದೇ ಅನ್ನುತ್ತಾನೆ ಹುಡುಗ. ಒಂದು ಬ್ರ್ಯಾಂಡ್ ಹಿಡಿದರೆ ಅದನ್ನೇ ತಗೊಳ್ಳಿ ಅಂತ ಡಾಕ್ಟರ್ ಹೇಳಿದ್ದಾರೆ ಅಂದರೆ, ಡಾಕ್ಟರಿಗಿಂತ ತನಗೇ ಚೆನ್ನಾಗಿ ಗೊತ್ತು ಅನ್ನುವ ಹಾಗೆ ನಗುತ್ತಾನೆ. ಹೀಗಾಗಿ ಒಂದು ದಿನ 75, ಒಂದು ದಿನ 100.

ಹೀಗೆ ಮಾವನಿಗೆ ಮತ್ತೆ ಡ್ಯೂಟಿ ಸಿಕ್ಕಿತು.

ಮೊದಲು ಬರೀ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತಿದ್ದರು. ನಮ್ಮ ಗೋಡೆ ಕ್ಯಾಲೆಂಡರ್ ಮೊದಲೇ ತುಂಬಿ ತುಳುಕುತ್ತಿತ್ತು. ಹಾಲು, ಗ್ಯಾಸ್ ಬಂದ ದಿನ, ಅಮಾವಾಸ್ಯೆ, ಸಂಕಷ್ಟಿ, ಪೇಪರ್ ದುಡ್ಡು. ಈಗ ಪ್ರತಿ ಚೌಕದಲ್ಲೂ ಕೆಂಪು ಪೆನ್ನಲ್ಲಿ 75, 100, 75, 100. ಅರಿಶಿನ ಕುಂಕುಮಕ್ಕೆ ಬಂದ ಎದುರು ಮನೆ ಆಂಟಿ ಅದನ್ನೇ ಬಹಳ ಹೊತ್ತು ನೋಡಿ, ಹೊರಡುವಾಗ ನನ್ನ ಕೈ ಹಿಡಿದು "ದಿನಾ ಬಡ್ಡಿ ಕಟ್ತಿದ್ದೀರೇನಮ್ಮ? ಕಷ್ಟ ಇದ್ರೆ ಹೇಳಿ" ಅಂದರು.

ಆಮೇಲೆ ಕೂಗುವುದು ಶುರುವಾಯಿತು. ಬೆಳಗ್ಗೆ ಐದೂವರೆಗೆ ಹಾಲ್‌ನಿಂದ ಆ ಹಳೆಯ ಮೈಕ್ ಗಂಟಲು. "ಎಪ್ಪತ್ತೈದು! ಇವತ್ತು ಎಪ್ಪತ್ತೈದು! ಹೊರಡಬಹುದು!" ನಾನು ಮಾತ್ರೆ ನುಂಗಬೇಕು. ನುಂಗಿದ ಸಮಯ ಅವರು ಬರೆದುಕೊಳ್ಳಬೇಕು. 5.32 ಅಂತಲೇ ಬರೆಯುತ್ತಾರೆ, 5.30 ಅಂತ ಸುಮಾರಾಗಿ ಬರೆಯುವ ಜಾತಿಯೇ ಅಲ್ಲ ಅದು. ಎಸ್.ಎಸ್. ಪುರಂನ ನಮ್ಮ ಬೀದಿಯಲ್ಲಿ ವಾಕಿಂಗ್ ಹೊರಟವರು ಕಾಂಪೌಂಡ್ ಆಚೆಯಿಂದ "ಸಾರ್, ಇವತ್ತು ಯಾವ ಗಾಡಿ?" ಅಂತ ಕೇಳಿಕೊಂಡು ಹೋಗುತ್ತಾರೆ. ಸಂಜೆ ಅಮಾನಿಕೆರೆ ಹತ್ತಿರ ಅದೇ ಜನ ಸಿಕ್ಕಿದರೆ "ಮೇಡಂ, ಇವತ್ತು ನೂರಲ್ವಾ?" ಅಂತ ನಗುತ್ತಾರೆ. ನನ್ನ ಹೆಸರು ಅವರಿಗೆ ಗೊತ್ತೇ ಇಲ್ಲ, ನನ್ನ ಡೋಸ್ ಗೊತ್ತು.

ಇದನ್ನೆಲ್ಲ ಸಹಿಸಿಕೊಂಡೇನು. ಸಹಿಸೋಕೆ ಆಗದ್ದು ಕಾಫಿ.

ಖಾಲಿ ಹೊಟ್ಟೆಯಲ್ಲಿ ಬರೀ ನೀರಲ್ಲಿ ಮಾತ್ರೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಗೋಬಾರದು. ಕಾಫಿಯಂತೂ ಬೇಡ, ಮಾತ್ರೆ ರಕ್ತಕ್ಕೆ ಸೇರುವುದಕ್ಕೇ ಅದು ಅಡ್ಡಗಾಲು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ. ಡಾಕ್ಟರ್ ಅರ್ಧದಿಂದ ಒಂದು ಅಂದರು, ಮಾವ ಒಂದು ಅಂತ ಕೇಳಿಸಿಕೊಂಡರು. ಆ ಒಂದು ಗಂಟೆಯಲ್ಲೇ ನಾನು ತಿಂಡಿ ಮಾಡಬೇಕು, ಉಪ್ಪು ನೋಡೋ ಹಾಗಿಲ್ಲ. ಚಿತ್ರಾನ್ನ ಸಪ್ಪೆ ಅಂತ ಮಗ ಮುಖ ಸಿಂಡರಿಸಿದರೆ ಅದಕ್ಕೂ ನಾನೇ ಹೊಣೆ. ಸರಿಯಾಗಿ ಆರಕ್ಕೆ ಮಾವ ತಮ್ಮ ಕಾಫಿ ತಾವೇ ಬೆರೆಸಿಕೊಂಡು, ಅಡುಗೆ ಮನೆ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ನನಗೆ ಜೊತೆ ಇರೋಕಂತೆ. ಸೊರ್ ಅಂತ ಒಂದು ಗುಟುಕು. ಗೋಡೆ ಗಡಿಯಾರ ನೋಡುತ್ತಾರೆ. "ಇನ್ನು ಮೂವತ್ತೆರಡು ನಿಮಿಷ ಕಣಮ್ಮ." ಸೊರ್. "ಡಿಕಾಕ್ಷನ್ ಇವತ್ತು ಏನ್ ಚೆನ್ನಾಗಿ ಇಳಿದಿದೆ ಅಂತೀಯಾ." ಸೊರ್. ಒಲೆಯ ಹಾಲು, ಫಿಲ್ಟರ್‌ನ ಡಿಕಾಕ್ಷನ್, ಆ ಪರಿಮಳ, ಎಲ್ಲವೂ ಕೈಗೆ ಸಿಗುವ ದೂರದಲ್ಲಿ. ಅಮ್ಮ ತಾಯಿ ಅನ್ನೋ ಪ್ರೀತಿಯಿಂದಲೇ ಹಿಂಸೆ ಕೊಡೋದು ಕಲಿಯಬೇಕಾದರೆ ನಮ್ಮ ಮಾವನ ಹತ್ತಿರ ಬನ್ನಿ. ಮೊನ್ನೆ ನಾನು ತಡೆಯಲಾರದೆ 6.25ಕ್ಕೆ ಲೋಟಕ್ಕೆ ಕೈ ಹಾಕಿದೆ. "ಬಿಫೋರ್ ಟೈಮ್ ಗಾಡಿ ಬಿಟ್ರೆ ಮೆಮೊ ಬರುತ್ತೆ" ಅಂದರು. ನಾನು ಲೋಟ ಕೆಳಗಿಟ್ಟೆ. ಯಾಕೆ ಇಟ್ಟೆ ಅಂತ ಈಗಲೂ ಸಿಟ್ಟು ಬರುತ್ತದೆ.

ಶಾಲೆಗೆ ಹೋದರೆ ಅಲ್ಲಿ ಇನ್ನೊಂದು ಕಥೆ. ಕೋಸು ತಿನ್ನಬೇಡಿ, ಹೂಕೋಸು ಮುಟ್ಟಲೇಬೇಡಿ. ಬೇಯಿಸಿ ಮಿತವಾಗಿ ತಿಂದರೆ ಏನೂ ಆಗಲ್ಲ ಅಂತ ಡಾಕ್ಟರ್ ಹೇಳಿದ್ದಾರೆ ಅಂದರೆ "ಅವರು ಹಂಗೇ ಹೇಳ್ತಾರೆ". ಕೂದಲಿಗೆ ಬಯೋಟಿನ್ ತಗೊಳ್ಳಿ ಅಂತ ಒಬ್ಬರು ಡಬ್ಬಿಯನ್ನೇ ತಂದುಕೊಟ್ಟರು. ಅದು ಹೊಟ್ಟೆಯಲ್ಲಿದ್ದರೆ ಕೆಲವು ಲ್ಯಾಬ್ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಮ್ಮಿ ತೋರಿಸುತ್ತದೆ, ರಕ್ತ ಕೊಡುವ ಮುಂಚೆ ಕೆಲವು ದಿನ ನಿಲ್ಲಿಸಬೇಕು. ಡಬ್ಬಿ ಕೊಟ್ಟವರಿಗೆ ಇದು ಗೊತ್ತಿರಲಿಲ್ಲ. ನನ್ನ ಕೂದಲಿಗೂ ಗೊತ್ತಿರಲಿಲ್ಲ, ಅದರ ಪಾಡಿಗೆ ಉದುರುತ್ತಲೇ ಇತ್ತು.

ಒಂದು ಸಲ ಯಜಮಾನರು ಎಲ್ಲೋ ಓದಿಕೊಂಡು ಬಂದರು. 1891ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಮರ್ರೆ ಅನ್ನುವ ಡಾಕ್ಟರ್ ಕುರಿಯ ಥೈರಾಯ್ಡ್ ರಸ ತೆಗೆದು ಒಬ್ಬ ಹೆಂಗಸಿಗೆ ಸೂಜಿಯಲ್ಲಿ ಕೊಟ್ಟರಂತೆ. ಆಕೆ ಆಮೇಲೆ 28 ವರ್ಷ ಬದುಕಿದರಂತೆ. "ಈ 75, 100 ಎಲ್ಲ ಯಾಕೆ? ಶಿರಾ ಸಂತೆಯಲ್ಲಿ ಕುರಿಗೇನು ಬರವೇ?" ಅಂದರು. ಮಾವ ನಗಲಿಲ್ಲ. "ಕುರಿಗೆ ಡೋಸ್ ಹೆಂಗೆ ಬರೀತಾರೆ?" ಅಂತ ಗಂಭೀರವಾಗಿ ಕೇಳಿದರು.

ನಾನೂ ನಗಲಿಲ್ಲ, ನನಗೆ ನಮ್ಮಜ್ಜಿ ನೆನಪಾದಳು. ಮಧುಗಿರಿ ಕಡೆಯ ಹಳ್ಳಿ. ಬೇಸಿಗೆಯಲ್ಲೂ ಕಂಬಳಿ ಹೊದ್ದು ಜಗುಲಿ ಮೇಲೆ ಬಿಸಿಲು ಕಾಯಿಸುತ್ತಿದ್ದಳು. ಹುಬ್ಬು ಉದುರಿ ಹೋಗಿತ್ತು, ದನಿ ದಪ್ಪ ಆಗಿತ್ತು, ಮಾತು ನಿಧಾನ. ಮುದ್ದೆ ತೊಳಸೋಕೆ ಎದ್ದರೆ ನಡುವೆ ಒಮ್ಮೆ ಕೂರಬೇಕಿತ್ತು. ಸೊಸೆಯರು ಸೋಮಾರಿ ಅಂದರು, ತಾತ ಕಳ್ಳಬಿದ್ದವಳು ಅಂದ. ಅವಳಿಗೂ ಇದೇ ಇತ್ತೋ ಏನೋ, ಯಾರೂ ರಕ್ತ ನೋಡಲಿಲ್ಲ. ಅವಳ ಹೆಸರು ಹಿಡಿದು "ನುಂಗಿದ್ಯಾ?" ಅಂತ ಬೆಳಗ್ಗೆ ಕೂಗುವವರಂತೂ ಯಾರೂ ಇರಲಿಲ್ಲ.

ಇರಲಿ. ಇವತ್ತು ಬೆಳಗಿನ ಜಗಳ ಇನ್ನೂ ಮುಗಿದಿಲ್ಲ. ಮಾವ ಈ ತಿಂಗಳಿಂದ ಬೆಸಕ್ಕೆ 100, ಸರಿಗೆ 75 ಅಂತ ಡ್ಯೂಟಿ ತಿರುಗಿಸಬೇಕು ಅಂದರು. "ಮುಂದೆ ಜುಲೈ, ಆಗಸ್ಟ್ ಎರಡೂ 31, ಡಿಸೆಂಬರ್, ಜನವರಿ ಎರಡೂ 31, ಆವಾಗ?" ಅಂತ ನಾನು ಕೇಳಿದ್ದೇ ತಪ್ಪಾಯಿತು, ಗ್ರಾಫ್ ಹಾಳೆ ತಂದು ಕೂತರು. ಕೊನೆಗೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನಕ್ಕುಬಿಟ್ಟರು. ಮೈ ದಿನದ ಲೆಕ್ಕ ಇಡಲ್ಲ, ವಾರದ ಒಟ್ಟು ನೋಡುತ್ತೆ, ಒಂದು ದಿನ ಹಿಂದೆ ಮುಂದೆ ಆದರೆ ಏನೂ ಆಗಲ್ಲ ಅಂದರು. ಇದನ್ನು ಮಾವನಿಗೆ ಹೇಳಬಾರದಿತ್ತು. ಅವರು ವಾರದ ಲೆಕ್ಕ ಹಾಕಿದರು. 75 ನಾಲ್ಕು ಸಲ, 100 ಮೂರು ಸಲ ಬಂದ ವಾರ 600. ತಿರುಗಾಮುರುಗಾ ಆದ ವಾರ 625. "ಇಪ್ಪತ್ತೈದು ಶಾರ್ಟೇಜ್" ಅಂತ ಕೆಂಪು ಪೆನ್ ತೆಗೆದರು. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ ಮಾವ, ದಿನಾ ನೂರು ತಗೊಂಡರೂ ಒಂದು ಗ್ರಾಂ ಇದ್ದರೆ 27 ವರ್ಷ ಬರುತ್ತೆ ಅಂದೆ. "ಹಂಗಂತ ಲೆಕ್ಕ ಬಿಡೋಕಾಗುತ್ತಾ? ಐದು ಪೈಸೆ ಶಾರ್ಟೇಜ್‌ಗೂ ನಾನು ಕೈಯಿಂದ ಕಟ್ಟಿದ್ದೀನಿ" ಅಂದರು.

ಅಷ್ಟರಲ್ಲಿ ಮೆಡಿಕಲ್ಸ್ ಹುಡುಗನ ಫೋನ್ ಬಂತು. 88 ಬಂದಿದೆಯಂತೆ, ನನ್ನ ಬ್ರ್ಯಾಂಡೇ. ನನಗೆ ಕುಣಿದಾಡುವಷ್ಟು ಖುಷಿ. ದಿನಾ ಒಂದೇ ಮಾತ್ರೆ, ಬೆಸ ಇಲ್ಲ, ಸರಿ ಇಲ್ಲ, ಕೂಗು ಇಲ್ಲ. ಡಾಕ್ಟರೂ ಸರಿ ಅಂದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕ್ಯಾಲೆಂಡರ್ ನೋಡಿದರು. ಆಮೇಲೆ ಹಾಳೆ ತಿರುಗಿಸಿ ಏನೋ ಗೀಚಿದರು.

"ಅಮ್ಮಾ, ಈಗ ವಾರಕ್ಕೆ ಸರಾಸರಿ ಆರುನೂರ ಹನ್ನೆರಡೂವರೆ ಬರ್ತಿತ್ತು. ಎಂಬತ್ತೆಂಟು ಅಂದ್ರೆ ಆರುನೂರ ಹದಿನಾರು ಆಗುತ್ತೆ. ಮೂರೂವರೆ ಜಾಸ್ತಿ ಆಗುತ್ತಲ್ಲ, ಅದಕ್ಕೇನು ಮಾಡೋದು ಅಂತ ಡಾಕ್ಟರನ್ನ ಕೇಳಿದ್ಯಾ?"