ಕೊಳೆಮದ್ದಿನ ಡ್ರಮ್ಮೂ ಹಳ್ಳದ ಹುಳವೂ

ಮೊನ್ನೆ ಭಾನುವಾರ ಮಗಳ ಜೊತೆ ತೋಟದ ಕೆಳಗಿನ ಹಳ್ಳದಲ್ಲಿ ಕಲ್ಲು ಮಗುಚುತ್ತ ಕೂತಿದ್ದೆ. ಸಂಕ ದಾಟುತ್ತಿದ್ದ ಪಕ್ಕದಮನೆ ಮಾವ "ಎಂತ ಕಳ್ಕೊಂಡೆಯೋ?" ಅಂದರು. ಹುಳ ನೋಡ್ತಾ ಇದ್ದೇವೆ ಅಂದೆ. "ಅದಕ್ಕೊಂದು ಹೆಸರಿಟ್ಟರೆ ಅಡಿಕೆ ರೇಟು ಏರ್ತದಾ?" ಅಂತ ನಗಾಡಿಕೊಂಡು ಹೋದರು.

ಅದು ಮೇಫ್ಲೈ ಅನ್ನುವ ಕೀಟದ ಮರಿ. ಬಾಲದಲ್ಲಿ ಮೂರು ಎಳೆ, ಹೊಟ್ಟೆಯ ಎರಡೂ ಪಕ್ಕ ಪುಟಾಣಿ ಎಲೆಗಳಂಥ ಕಿವಿರು. ಬದುಕಿನ ಹೆಚ್ಚಿನ ಭಾಗವೆಲ್ಲ ಹೀಗೇ ನೀರಲ್ಲಿ. ರೆಕ್ಕೆ ಬಂದ ಮೇಲೆ ಕೆಲವು ಗಂಟೆ, ಜಾಸ್ತಿ ಅಂದರೆ ಒಂದೆರಡು ದಿನ. ಆಗ ತಿನ್ನುವುದಕ್ಕೆ ಸರಿಯಾದ ಬಾಯಿಯೂ ಇರುವುದಿಲ್ಲ. ರೆಕ್ಕೆ ಮೂಡಿದ ಮೇಲೂ ಇನ್ನೊಮ್ಮೆ ಪೊರೆ ಬಿಡುತ್ತದೆ, ಈಗಿರುವ ಬೇರೆ ಯಾವ ಕೀಟವೂ ಹಾಗೆ ಮಾಡುವುದಿಲ್ಲ. ಹೆಸರಲ್ಲಿ ಮೇ ತಿಂಗಳು ಇರುವುದು ಚಳಿ ದೇಶದವರ ಲೆಕ್ಕ. ನಮ್ಮಂಥ ಬಿಸಿ ಊರಲ್ಲಿ ಬೇರೆ ತಿಂಗಳುಗಳಲ್ಲೂ ಏಳುತ್ತವೆ. ಮೊದಲ ಮಳೆಗೆ ದೀಪಕ್ಕೆ ಮುತ್ತುತ್ತವಲ್ಲ, ಅದಲ್ಲ, ಅದು ಗೆದ್ದಲು.

ಜಗತ್ತಿನಲ್ಲಿ ಇವುಗಳ 3,500ಕ್ಕೂ ಜಾಸ್ತಿ ಜಾತಿಗಳಿಗೆ ಹೆಸರಿಟ್ಟಾಗಿದೆ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಈಗಲೂ ಹೊಸವು ಸಿಗುತ್ತಿವೆ. ಸುಮ್ನೆ ಸಿಗುವುದಲ್ಲ. ಮರಿಗೂ ರೆಕ್ಕೆ ಹುಳಕ್ಕೂ ಹೋಲಿಕೆ ಕಡಿಮೆ, ಹಾಗಾಗಿ ಮರಿಯನ್ನು ಸಾಕಿ, ಅದು ಹಾರುವವರೆಗೆ ಕಾದು, ಇದು ಅದರದ್ದೇ ಅಂತ ಜೋಡಿಸಬೇಕು, ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ದವಡೆ, ಕಿವಿರು, ಕಾಲಿನ ಉಗುರು ಎಲ್ಲ ನೋಡಬೇಕು. "ಹೊಸ ಪ್ರಭೇದ ಪತ್ತೆ" ಅಂತ ಪೇಪರಿನಲ್ಲಿ ಬಂದಾಗ ನಾವು ಅದು ನಿನ್ನೆ ಹುಟ್ಟಿತೇನೋ ಅನ್ನುವಂತೆ ಓದುತ್ತೇವೆ. ನಮ್ಮ ಬಟ್ಟೆ ಒಗೆಯುವ ಕಲ್ಲಿನ ಅಡಿಗೇ ಇತ್ತು ಮಾರಾಯ್ರೆ!

ಈಗ ನನ್ನದೇ ತಪ್ಪು ಹೇಳುತ್ತೇನೆ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟುಗಳ ಬಗ್ಗೆ ಉದ್ದುದ್ದ ಬರೆದವನು ನಾನು, ಅಘನಾಶಿನಿ ನದಿಗೆ ಅಣೆಕಟ್ಟೇ ಇಲ್ಲ ಅಂತ ಬಂದ ನೆಂಟರಿಗೆಲ್ಲ ಹೇಳಿಕೊಂಡವನೂ ನಾನೇ. ಆದರೆ ಅಡಿಕೆಗೆ ಕೊಳೆರೋಗ ಬಾರದಂತೆ ಕೊಳೆಮದ್ದು (ಬೋರ್ಡೋ ದ್ರಾವಣ) ಹೊಡೆದಾದ ಮೇಲೆ ಡ್ರಮ್ಮು, ಪೈಪು ಎಲ್ಲ ಇದೇ ಹಳ್ಳದಲ್ಲಿ ತೊಳೆದಿದ್ದೇನೆ, ವರ್ಷಗಟ್ಟಲೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಅಡಿಕೆಗೆ ಅದು ಔಷಧಿ. ಕಿವಿರಲ್ಲಿ ಉಸಿರಾಡುವ ಹುಳಕ್ಕೆ ತಾಮ್ರ ವಿಷ. ಮೀನು ಸತ್ತು ತೇಲಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಅಕ್ಕಿಕಾಳಿನಷ್ಟು ಹುಳ ಸತ್ತರೆ ಯಾರಿಗೆ ಗೊತ್ತು? ಅದನ್ನು ತಿಂದು ಬೆಳೆಯುವ ಮರಿಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳಿಗೆ ಮಾತ್ರ ಗೊತ್ತು.

ಮದ್ದು ಬಿಡಿ ಅಂತ ನಾನು ಹೇಳುವುದಿಲ್ಲ. ಆಷಾಢದ ಮಳೆಯಲ್ಲಿ ಕೊಳೆ ಬಂದರೆ ಏನಾಗುತ್ತದೆ ಅಂತ ತೋಟ ಇದ್ದವರಿಗೆ ಗೊತ್ತು. ಆದರೆ ತೊಳೆದ ನೀರು ಹಳ್ಳಕ್ಕೇ ಹೋಗಬೇಕು ಅಂತೇನಿಲ್ಲ ಅಲ್ವಾ? ಈ ವರ್ಷ ಹಳ್ಳದಿಂದ ದೂರ, ಮೇಲಿನ ದಿಬ್ಬದಲ್ಲಿ ಗುಂಡಿ ತೋಡಿ ಅಲ್ಲೇ ತೊಳೆದೆವು. ನೀರು ಮೇಲಕ್ಕೆ ಹೊರಬೇಕಲ್ಲ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಇಡೀ ದಿನ ಗೊಣಗಿದ. ಗೊಣಗಲಿ, ಅವನದ್ದೂ ಸರಿಯೇ, ಕೂಲಿ ಸ್ವಲ್ಪ ಜಾಸ್ತಿ ಕೊಟ್ಟೆ.

ನಿಮ್ಮ ಕಡೆ ಡ್ರಮ್ ಎಲ್ಲಿ ತೊಳೆಯುತ್ತೀರಿ? ಇದಕ್ಕಿಂತ ಸುಲಭದ ದಾರಿ ಇದ್ದರೆ ಹೇಳಿ, ಮುಂದಿನ ಮಳೆಗಾಲಕ್ಕೆ ಕೊನೆಗೌಡನನ್ನು ಒಪ್ಪಿಸಬೇಕಿದೆ.