ಮೊಸಳೆಯ ಸಾಕ್ಷ್ಯ

ಕಾಸರಗೋಡಿನ ಕುಂಬಳೆಯ ಆಸುಪಾಸಿನಲ್ಲಿ ಮಾಂಸ ತಿನ್ನುವುದು ಸರಿಯೋ ತಪ್ಪೋ ಎಂದು ಮಾತು ಹತ್ತಿಕೊಂಡರೆ, ಹತ್ತು ನಿಮಿಷದೊಳಗೆ ಅಲ್ಲಿಗೆ ಮೊಸಳೆ ಬರುತ್ತದೆ. ಮೊನ್ನೆ ಮದುವೆಯ ಪಂಕ್ತಿಗೂ ಬಂತು. ಸಾರು ಬಡಿಸುವ ಮೊದಲೇ ಎದುರಿನ ಎಲೆಯ ಮಾಸ್ತರರು ಶುರುಮಾಡಿದರು: “ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ನೈವೇದ್ಯದ ಅನ್ನ ತಿಂದು ಬದುಕಿತು. ನಿಮಗೇನು ಕಷ್ಟ ಮಾರಾಯರೇ?”

ನನ್ನ ಪಕ್ಕದವರು ಬೂತಾಯಿ ಮೀನಿಲ್ಲದ ಊಟವನ್ನು ಊಟವೆಂದೇ ಲೆಕ್ಕಹಿಡಿಯದವರು. “ಆ ಕೆರೆಯ ಮೀನುಗಳನ್ನೊಮ್ಮೆ ವಿಚಾರಿಸಿದ್ದೀರಾ ಮಾಸ್ತರರೇ?”

ಪಾಪ, ಬಬಿಯಾ ತೀರಿಕೊಂಡದ್ದು 2022ರ ಅಕ್ಟೋಬರಿನಲ್ಲಿ. ಇನ್ನೂ ಅದನ್ನು ಸಾಕ್ಷಿಕಟ್ಟೆಯಿಂದ ಇಳಿಯಲು ಬಿಟ್ಟಿಲ್ಲ. ಆ ಮೊಸಳೆಯ ಬಗ್ಗೆ ನನಗೆ ನಿಜವಾದ ಭಕ್ತಿಯಿದೆ. ಅಷ್ಟು ದೊಡ್ಡ ಬಾಯಿಯಿದ್ದೂ ಯಾರಿಗೂ ಉಪದೇಶ ಮಾಡದ ಜೀವಿ ನಮ್ಮ ಜಿಲ್ಲೆಯಲ್ಲಿ ಅದೊಂದೇ ಇತ್ತು.

ಬದನೆಗೂ ಜೀವವಿದೆ ಎಂದರು ಬೂತಾಯಿಯವರು. ಈ ವಾದಕ್ಕೆ ಜಗದೀಶಚಂದ್ರ ಬೋಸರು ಬರಬೇಕು, ಬಂದರು. ಹಾಗಾದರೆ ಹಾಲು ಕುಡಿಯುತ್ತೀರಲ್ಲ, ಗಂಡು ಕರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಮಾತ್ರ ಮಾಸ್ತರರಿಗೆ ಉಪ್ಪಿನಕಾಯಿಯ ಮೇಲೆ ವಿಪರೀತ ಗಮನ ಬಂತು.

2023ರ ಕೇರಳ ಶಾಲಾ ಕಲೋತ್ಸವದಲ್ಲಿ ಬರೀ ಸಸ್ಯಾಹಾರ ಬಡಿಸಿದ್ದರ ಗದ್ದಲವೂ ಇದೇ ಜಾತಿಯದು. ಕಲ್ಲಿಕೋಟೆಯಲ್ಲಿ ಮಕ್ಕಳು ಬಣ್ಣ ಹಚ್ಚಿ ಕುಣಿಯುತ್ತಿದ್ದರೆ ರಾಜ್ಯವೆಲ್ಲ ಅವರ ಎಲೆಯನ್ನು ಇಣುಕಿ ನೋಡುತ್ತಿತ್ತು. ಮುಂದಿನ ವರ್ಷ ಮಾಂಸವೂ ಇರುತ್ತದೆ ಎಂದರು ಸಚಿವರು. ಮುಂದಿನ ವರ್ಷ ಕೊಲ್ಲಂನಲ್ಲಿ ಮತ್ತೆ ಸಸ್ಯಾಹಾರವೇ. ಯಕ್ಷಗಾನದಲ್ಲಿ ಗೆದ್ದವರು ಯಾರೆಂದು ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲವೆನ್ನಿ.

ಅಷ್ಟರಲ್ಲಿ ಪಾಯಸ ಬಂತು. ತುಂಬಾ ಗೇರುಬೀಜ. ಇದೊಂದಕ್ಕೆ ಇಬ್ಬರ ಒಪ್ಪಿಗೆಯೂ ಸಿಕ್ಕಿತು: ಯಾವ ಜೀವಕ್ಕೂ ನೋವಿಲ್ಲದ ಪದಾರ್ಥವಂತೆ.

ಕಾಸರಗೋಡಿನಲ್ಲಿ ಕೂತು ಗೇರುಬೀಜದ ಬಗ್ಗೆ ಹೇಳುವ ಮಾತೇ ಇದು? ಗೇರನ್ನು ಕಾಡುವ ಟೀ ಸೊಳ್ಳೆ ಎಂಬ ಕೀಟ ಸಾಯಲಿ ಎಂದು ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೆಳಗಿನ ಮನೆಯಲ್ಲಿ ಮೀನು ಬೇಯುತ್ತದೋ ಬಸಳೆ ಬೇಯುತ್ತದೋ ಎಂದು ಯಾರೂ ನೋಡಲಿಲ್ಲ. ಸಂತ್ರಸ್ತರಿಗೆ 3 ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. 2022ರ ಮೇ ತಿಂಗಳಲ್ಲಿ ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಎಂಟು. ಎದ್ದು ಕೂರಲಾಗದ ಮಕ್ಕಳನ್ನು ಎತ್ತಿ ಎತ್ತಿ ಆ ವಿಷ ಬಿದ್ದ ಪಡ್ರೆ ಗ್ರಾಮದ ತಾಯಂದಿರ ಸೊಂಟ ಬಿದ್ದುಹೋಗಿದೆ. ಜೀವದಯೆಯ ಚರ್ಚೆ ಆ ಅಂಗಳದವರೆಗೆ ಹೋದದ್ದನ್ನು ನಾನು ನೋಡಿಲ್ಲ.

ಇದನ್ನು ಪಂಕ್ತಿಯಲ್ಲೇ ಹೇಳಿದೆ, ಸ್ವಲ್ಪ ಜೋರಾಗಿಯೇ. ಮಾಸ್ತರರು “ಅದು ಬೇರೆ ವಿಷಯ” ಎಂದರು. ಬೂತಾಯಿಯವರು “ಹೌದು, ಅದು ಬೇರೆ” ಎಂದರು. ಇಬ್ಬರೂ ಇನ್ನೊಂದು ಸುತ್ತು ಪಾಯಸ ಹಾಕಿಸಿಕೊಂಡರು. ಕೈತೊಳೆಯಲು ಏಳುವ ಹೊತ್ತಿಗೆ ಮಾತು 2023ರ ನವೆಂಬರಿನಲ್ಲಿ ಕೆರೆಯಲ್ಲಿ ಕಾಣಿಸಿಕೊಂಡ ಹೊಸ ಮೊಸಳೆಗೆ ಬಂದಿತ್ತು. ಅದು ಯಾರ ಪಕ್ಷವೆಂದು ಇನ್ನೂ ತೀರ್ಮಾನವಾಗಿಲ್ಲ.