ಸತ್ಯಾಂಶ: ಕಳುವಾದ ಟ್ರೇಲರನ್ನು ಮಾಲೀಕನೇ ಎಳೆದು ತರಬಹುದೇ?

ಕಳುವಾದ ಟ್ರ್ಯಾಕ್ಟರ್ ಟ್ರೇಲರ್ ಯಾರ ಹಿತ್ತಲಲ್ಲಿ ಕಂಡರೂ, ಆರ್‌ಸಿ ಕೈಯಲ್ಲಿದ್ದರೆ ಮಾಲೀಕನೇ ಒಳಹೊಕ್ಕು ಎಳೆದು ತರಬಹುದು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಆರ್‌ಸಿ ವಾಹನಕ್ಕೆ ದಾಖಲೆಯೇ ಹೊರತು ಪರರ ಜಾಗಕ್ಕೆ ನುಗ್ಗಲು ರಹದಾರಿಯಲ್ಲ. ಬೇಲಿ ದಾಟಿ ಜಗಳವಾದರೆ, ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ನಿನಡಿ ಅತಿಕ್ರಮ ಪ್ರವೇಶದ ದೂರು ಕಳೆದುಕೊಂಡವನ ಮೇಲೆಯೇ ದಾಖಲಾಗಬಹುದು. ಅಲ್ಲದೆ ಆ ಮನೆಯವರು ಕದ್ದವರೇ ಆಗಿರಬೇಕೆಂದಿಲ್ಲ, ಕಳವಿನ ಮಾಲೆಂದು ಅರಿಯದೆ ಕೊಂಡವರೂ ಆಗಿರಬಹುದು.

ರಸ್ತೆಯಲ್ಲೇ ನಿಂತು ಫೋಟೊ ತೆಗೆದು, ಎಫ್‌ಐಆರ್ ಪ್ರತಿ ಮತ್ತು ಆರ್‌ಸಿಯೊಂದಿಗೆ ಠಾಣೆಗೆ ಹೋಗುವುದೇ ಸರಿಯಾದ ದಾರಿ. ಕಳವಿನ ಶಂಕೆಯಿರುವ ವಸ್ತುವನ್ನು ಜಪ್ತಿ ಮಾಡುವ ಅಧಿಕಾರವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ ಪೊಲೀಸರಿಗೆ ಕೊಟ್ಟಿದೆ. ಹೊಸ ಬಣ್ಣ ಬಳಿದು, ನಂಬರ್ ಪ್ಲೇಟ್ ಕಿತ್ತಿದ್ದರೂ ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಆರ್‌ಸಿಯೊಂದಿಗೆ ತಾಳೆ ನೋಡಬಹುದು. ಹಿಂದೊಮ್ಮೆ ಕೊಕ್ಕೆಗೆ ಹಾಕಿಸಿದ ವೆಲ್ಡಿಂಗ್ ತೇಪೆಯಂಥ ಗುರುತನ್ನೂ ದೂರಿನಲ್ಲಿ ಬರೆಸುವುದು ಒಳ್ಳೆಯದು.

ಜಪ್ತಿಯಾದ ಮೇಲೆ, ಮೊಕದ್ದಮೆ ಮುಗಿಯುವವರೆಗೆ ಕಾಯದೆ, ಅದೇ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್ನಿನಡಿ ಅರ್ಜಿ ಹಾಕಿ, ಟ್ರೇಲರನ್ನು ಮಧ್ಯಂತರ ಸುಪರ್ದಿಗೆ, ಅಂದರೆ ತಾತ್ಕಾಲಿಕವಾಗಿ ತನ್ನ ವಶಕ್ಕೆ, ಕೊಡುವಂತೆ ನ್ಯಾಯಾಲಯವನ್ನು ಕೇಳಬಹುದು. ಜಪ್ತಿಯಾದ ವಾಹನಗಳನ್ನು ಠಾಣೆಯ ಅಂಗಳದಲ್ಲಿ ದೀರ್ಘಕಾಲ ನಿಲ್ಲಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ಸೂಕ್ತ ಬಾಂಡ್ ಮತ್ತು ಭದ್ರತೆ ಪಡೆದು ಬಿಡುಗಡೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ.